ಪೇಪರ್, ಕಾಟನ್, ಕೋನ್: ಮೂರು ಏರ್ ಫಿಲ್ಟರ್, ಒಂದು ಘಾಟಿ

ಮೊದಲೇ ಹೇಳಿಬಿಡುತ್ತೇನೆ. ನನ್ನ ಸ್ವಿಫ್ಟ್‌ನಲ್ಲಿ ಇಂಜಿನ್ ಎಳೆಯುವ ಗಾಳಿಯ ದೂಳು ಸೋಸುವುದಕ್ಕೆ ಇವತ್ತು ಕೂತಿರುವುದು 350 ರೂಪಾಯಿಯ ಪೇಪರ್ ಏರ್ ಫಿಲ್ಟರ್. ಇದಕ್ಕೆ ಮುಂಚೆ 6,500 ರೂಪಾಯಿಯ ಕೋನ್ ಇಂಟೇಕ್ ಒಂದು, 4,800 ರೂಪಾಯಿಯ ಕಾಟನ್ ಫಿಲ್ಟರ್ ಒಂದು ಬಂದು ಹೋದವು. ಎರಡೂ ಕೊನೆಗೆ ಅಟ್ಟ ಸೇರಿದವು.

ಶುರುವಾಗಿದ್ದು ಒಂದು ಮದುವೆ ಊಟದಲ್ಲಿ. ತಂಗಿ ಮಗ ಬೆಂಗಳೂರಲ್ಲಿ ಓದುತ್ತಾನೆ, ಕಾರು ಅಂದರೆ ಪ್ರಾಣ. "ಮಾವ, ನಿಮ್ಮ ಗಾಡಿಗೆ ಒಂದು ಕೋನ್ ಹಾಕ್ಸಿ. ಸುಮ್ನೆ 8 ಹೆಚ್‌ಪಿ ಜಾಸ್ತಿ ಬರುತ್ತೆ" ಅಂದ. ನಮ್ಮ ಮನೆ ಮಡಿಕೇರಿ ಹತ್ತಿರ, ಗಾಳಿಬೀಡು ಕಡೆ. ಎಲ್ಲಿಗೆ ಹೋಗಬೇಕಾದರೂ ಏರು, ಬರಬೇಕಾದರೂ ಏರು. ನನ್ನದು 1.2 ಲೀಟರ್ ಪೆಟ್ರೋಲ್, ಗಾಳಿಯನ್ನು ಒತ್ತಿ ಇಂಜಿನ್ ಒಳಗೆ ತುಂಬುವ ಟರ್ಬೋ ಇಲ್ಲ. ಕಂಪನಿ ಲೆಕ್ಕದಲ್ಲಿ 84ರ ಆಸುಪಾಸು ಹೆಚ್‌ಪಿ. ಅದರ ಮೇಲೆ 8 ಅಂದರೆ ಹತ್ತು ಪರ್ಸೆಂಟ್ ಹತ್ತಿರ ಆಯಿತು. ಸುಳ್ಯದಿಂದ ಮಡಿಕೇರಿಗೆ ಹತ್ತುವ ಸಂಪಾಜೆ ಘಾಟಿ ನೆನಪಾಯಿತು, ಬಾಯಲ್ಲಿ ನೀರು ಬಂತು.

ಹತ್ತು ಪರ್ಸೆಂಟ್ ಅನ್ನುವ ಲೆಕ್ಕ ನಮ್ಮ ಊರಿನವರಿಗೆ ಗೊತ್ತಿರಬೇಕು. ಮಡಿಕೇರಿ ಇರುವುದು ಸಮುದ್ರ ಮಟ್ಟದಿಂದ ಸುಮಾರು 1,150 ಮೀಟರ್ ಎತ್ತರದಲ್ಲಿ. ಮಂಗಳೂರಿನ ಗಾಳಿಗೆ ಹೋಲಿಸಿದರೆ ಇಲ್ಲಿಯದು ಸುಮಾರು ಹತ್ತು ಪರ್ಸೆಂಟ್ ತೆಳು. ಟರ್ಬೋ ಇಲ್ಲದ ಇಂಜಿನ್ ಅಷ್ಟು ಶಕ್ತಿಯನ್ನು ಘಾಟಿ ಹತ್ತುತ್ತಲೇ ಕಳೆದುಕೊಂಡಿರುತ್ತದೆ. ಹುಡುಗ ಹೇಳಿದ್ದು ನಿಜ ಆಗಿದ್ದರೆ, ಬೆಟ್ಟ ಕಿತ್ತುಕೊಂಡದ್ದನ್ನು ಫಿಲ್ಟರ್ ವಾಪಸ್ ಕೊಡಿಸಬೇಕಿತ್ತು.

ನವೆಂಬರಿನಲ್ಲಿ ಕೋನ್ ಹಾಕಿಸಿದೆ. ಪೇಪರ್ ಫಿಲ್ಟರ್ ಕೂರುವ ಕಪ್ಪು ಪ್ಲಾಸ್ಟಿಕ್ ಡಬ್ಬ ಕಿತ್ತು, ಅಲ್ಯೂಮಿನಿಯಂ ಪೈಪು, ಅದರ ತುದಿಗೆ ಕೆಂಪು ಅಣಬೆ ಥರದ ಫಿಲ್ಟರ್. ಆಕ್ಸಿಲರೇಟರ್ ತುಳಿದರೆ ಗುರ್ರ್ ಅಂತ ಒಂದು ಸೌಂಡು. ಒಂದು ವಾರ ಇಪ್ಪತ್ತೈದರ ಹುಡುಗನ ಹಾಗೆ ಓಡಾಡಿದೆ. ಕಾರು ನಿಜವಾಗಿಯೂ ಹಾರುತ್ತಿದೆ ಅನ್ನಿಸಿತು. ಅಲ್ಲೇ ಮೋಸ ಹೋಗುವುದು. ಆ ಕಪ್ಪು ಡಬ್ಬ, ಅದಕ್ಕೆ ಅಂಟಿದ ಪೈಪು ಇವೆಲ್ಲ ಇಂಜಿನ್ ಗಾಳಿ ಎಳೆಯುವ ಸದ್ದನ್ನು ನುಂಗುವುದಕ್ಕೂ ಇರುವಂಥವು. ಅವನ್ನು ತೆಗೆದರೆ ಸದ್ದು ಕ್ಯಾಬಿನ್ ಒಳಗೆ ಬರುತ್ತದೆ. ಕಿವಿಗೆ ಜೋರು, ಸ್ಪೀಡೋಮೀಟರಿನಲ್ಲಿ ಮೊದಲಿನಷ್ಟೇ.

ಅನುಮಾನ ಬಂದದ್ದು ಏಪ್ರಿಲ್‌ನಲ್ಲಿ. ಸುಳ್ಯದಿಂದ ಬರುತ್ತಿದ್ದೆ. ಕೊಯನಾಡು ದಾಟಿದ ಮೇಲೆ ಮುಂದೆ ಒಂದು ಟ್ಯಾಂಕರ್, ಅದರ ಮುಂದೆ ಇನ್ನೊಂದು ಲಾರಿ. ಜೋಡುಪಾಲದವರೆಗೂ ಎರಡನೇ ಗೇರಿನಲ್ಲೇ ತೆವಳಿಕೊಂಡು ಬಂದೆ. ಕೊನೆಗೆ ಟ್ಯಾಂಕರಿನವನು ಪುಣ್ಯಾತ್ಮ, ಪಕ್ಕಕ್ಕೆ ಸರಿದು ಕೈ ಬೀಸಿದ. ತುಳಿದೆ. ಕಾರು ಮುನಿಸಿಕೊಂಡ ಎತ್ತಿನ ಹಾಗೆ ನಿಂತೇ ಇತ್ತು. ಗುರ್ರ್ ಅಂತ ಸದ್ದು ಮಾತ್ರ ಬಂತು.

ಮನೆಗೆ ಬಂದವನೇ ಕಾರಿನ ಕಂಪ್ಯೂಟರಿನ ಮಾಹಿತಿ ಓದುವ ಒಬಿಡಿ ಪೋರ್ಟಿಗೆ ಸಿಕ್ಕಿಸುವ ಬ್ಲೂಟೂತ್ ಡಾಂಗಲ್ ಒಂದು ತರಿಸಿದೆ. ಇಂಜಿನ್ ಒಳಗೆ ಹೋಗುವ ಗಾಳಿ ಎಷ್ಟು ಬಿಸಿ ಇದೆ ಅಂತ ಫೋನಿನಲ್ಲೇ ಕಾಣುತ್ತದೆ. ಮೇ ತಿಂಗಳಲ್ಲಿ ಅದೇ ಘಾಟಿ, ಅದೇ ಹೊತ್ತು, ಅದೇ ಥರ ಲಾರಿ ಹಿಂದೆ. ಕೋನ್ ಇದ್ದಾಗ 62 ಡಿಗ್ರಿ. ಮಾರನೇ ವಾರ ಹಳೆಯ ಡಬ್ಬ, ಪೇಪರ್ ಫಿಲ್ಟರ್ ಹಾಕಿಕೊಂಡು ಹೋದೆ, 39. ಹೊರಗಡೆ ಎರಡು ದಿನವೂ 30ರ ಹತ್ತಿರ ಇತ್ತು. ಡಬ್ಬ ತನ್ನ ಮೂತಿಯನ್ನು ಮುಂದಕ್ಕೆ ಚಾಚಿ ಹೊರಗಿನ ಗಾಳಿ ಕುಡಿಯುತ್ತದೆ. ಕೋನ್ ಬಾನೆಟ್ ಒಳಗೇ ಬಾಯಿ ತೆರೆದು ಕೂತು, ರೇಡಿಯೇಟರ್ ಫ್ಯಾನ್ ಬೀಸುವ ಬಿಸಿ ಗಾಳಿಯನ್ನೇ ಎಳೆಯುತ್ತದೆ. ಗಾಳಿ ಹತ್ತು ಡಿಗ್ರಿ ಬಿಸಿಯಾದರೆ ಸುಮಾರು ಮೂರು ಪರ್ಸೆಂಟ್ ತೆಳುವಾಗುತ್ತದೆ. 23 ಡಿಗ್ರಿ ಅಂದರೆ ಏಳು ಪರ್ಸೆಂಟ್ ಹೋಯಿತು. ಸಾಲದ್ದಕ್ಕೆ, ಗಾಳಿ ಬಿಸಿ ಅಂತ ಗೊತ್ತಾದರೆ ಇಂಜಿನ್ ಕಂಪ್ಯೂಟರ್ ನಾಕಿಂಗ್ (ಪೆಟ್ರೋಲ್ ಹೊತ್ತಲ್ಲದ ಹೊತ್ತಿನಲ್ಲಿ ಉರಿದು ಇಂಜಿನ್ ಬಡಿದುಕೊಳ್ಳುವುದು) ಆಗದಿರಲಿ ಅಂತ ಪ್ಲಗ್ ಕಿಡಿಯ ಟೈಮಿಂಗ್ ಹಿಂದಕ್ಕೆ ಎಳೆಯುತ್ತದೆ, ಶಕ್ತಿ ಇನ್ನಷ್ಟು ಇಳಿಯುತ್ತದೆ. ದುಡ್ಡು ಕೊಟ್ಟು ಶಕ್ತಿ ಕಳೆದುಕೊಂಡಿದ್ದೆ.

ಹಾಗಾದರೆ ಡೈನೋ (ಕಾರನ್ನು ನಿಂತಲ್ಲೇ ಓಡಿಸಿ ಶಕ್ತಿ ಅಳೆಯುವ ಯಂತ್ರ) ಮೇಲೆ ನಿಲ್ಲಿಸಿ ತೋರಿಸುವ ಹೆಚ್‌ಪಿ ಸುಳ್ಳಾ? ಸುಳ್ಳೇ ಅಂತಲ್ಲ. ಡೈನೋ ವಿಡಿಯೋಗಳನ್ನು ಒಮ್ಮೆ ಗಮನಿಸಿ ನೋಡಿ. ಎಷ್ಟೋ ಕಡೆ ಬಾನೆಟ್ ತೆರೆದಿರುತ್ತದೆ, ಮುಂದೆ ಮಾರುದ್ದದ ಫ್ಯಾನ್ ಬೀಸುತ್ತಿರುತ್ತದೆ. ಬಾನೆಟ್ ತೆರೆದುಕೊಂಡು ಯಾರಾದರೂ ಮಡಿಕೇರಿ ಹತ್ತುತ್ತಾರಾ?

ಅಷ್ಟರಲ್ಲಿ ಕಾಟನ್ ಫಿಲ್ಟರ್ ಕೂಡ ತರಿಸಿಯಾಗಿತ್ತು. ಡಬ್ಬ ಹಾಗೇ ಇರುತ್ತದೆ, ಒಳಗಿನ ಪೇಪರ್ ತೆಗೆದು ಇದನ್ನು ಇಟ್ಟರೆ ಆಯಿತು. ಬಿಸಿ ಗಾಳಿಯ ತಂಟೆ ಇಲ್ಲ. ತೊಳೆದು ಎಣ್ಣೆ ಹಾಕಿ ಮತ್ತೆ ಮತ್ತೆ ಬಳಸಬಹುದು. ನನಗೆ ಇಷ್ಟ ಆಗಿದ್ದೇ ಇದು.

ಮೂರೂ ಕೈಯಲ್ಲಿ ಇದ್ದವಲ್ಲ, ಮಳೆ ಹಿಡಿಯುವ ಮುಂಚೆ ಒಂದು ಭಾನುವಾರ ಬೆಳಿಗ್ಗೆ ಆರಕ್ಕೇ ಕುಶಾಲನಗರದ ಹತ್ತಿರದ ಕೂಡಿಗೆ ಕಡೆ ಹೋದೆವು. ನಮ್ಮ ಮೆಕ್ಯಾನಿಕ್ ಅಣ್ಣ ಸ್ಪ್ಯಾನರ್ ಹಿಡಿದು ಪಕ್ಕದ ಸೀಟಿನಲ್ಲಿ. ಮಟ್ಟಸವಾದ, ನೇರ ರಸ್ತೆ. ಮೂರನೇ ಗೇರಿನಲ್ಲಿ 40ರಿಂದ 80ಕ್ಕೆ ಎಷ್ಟು ಸೆಕೆಂಡು ಅಂತ ಜಿಪಿಎಸ್ ಆಪ್‌ನಲ್ಲಿ ನೋಡಿದೆವು. ಪ್ರತಿ ಫಿಲ್ಟರಿಗೂ ಹೋಗುವಾಗ ಮೂರು ಸಲ, ಬರುವಾಗ ಮೂರು ಸಲ. ಹೊಸ ಪೇಪರಿಗೆ ಸರಾಸರಿ 9.4 ಸೆಕೆಂಡು. ಕಾಟನ್ನಿಗೆ 9.3. ಕೋನಿಗೆ 9.3. ಆಹಾ ಅನ್ನುವ ಮುಂಚೆ ಇದನ್ನೂ ಕೇಳಿ: ಒಂದೇ ಫಿಲ್ಟರಿನಲ್ಲಿ ಒಂದು ಸಲಕ್ಕೂ ಇನ್ನೊಂದು ಸಲಕ್ಕೂ 0.3 ಸೆಕೆಂಡು ಹೆಚ್ಚು ಕಡಿಮೆ ಬರುತ್ತಿತ್ತು. ಬೆಳಗಿನ ತಣ್ಣನೆ ಗಾಳಿ, ಖಾಲಿ ರಸ್ತೆ ಇದ್ದೂ ಇಷ್ಟು. ಮೆಕ್ಯಾನಿಕ್ ಅಣ್ಣ ಕಾಗದ ನೋಡಿ, "ನಾನು ಕಾರಿಂದ ಇಳಿದ್ರೆ ಇದಕ್ಕಿಂತ ಜಾಸ್ತಿ ಪಿಕಪ್ ಬರುತ್ತೆ" ಅಂದರು. ಅವರು ಸ್ವಲ್ಪ ದಪ್ಪ.

ಯಾಕೆ ಹೀಗೆ ಅನ್ನುವುದಕ್ಕೆ ಲೆಕ್ಕ ಸುಲಭ. 1.2 ಲೀಟರ್ ಇಂಜಿನ್ ಎರಡು ಸುತ್ತಿಗೆ ಒಮ್ಮೆ ತನ್ನ ಹೊಟ್ಟೆ ತುಂಬ ಗಾಳಿ ಎಳೆಯುತ್ತದೆ. 6,000 ಆರ್‌ಪಿಎಂನಲ್ಲಿ ಪೂರ್ತಿ ತುಳಿದರೆ ನಿಮಿಷಕ್ಕೆ ಹೆಚ್ಚೆಂದರೆ 3,600 ಲೀಟರ್. 200 ಲೀಟರಿನ ಡ್ರಮ್ಮು 18. ಅಷ್ಟು ಹೋಗುವುದಕ್ಕೆ ಜಾಗ ಬಿಟ್ಟೇ ಕಂಪನಿಯವರು ಪೇಪರ್ ಫಿಲ್ಟರ್ ಮಾಡಿರುತ್ತಾರೆ. ಇನ್ನು ನಾನು 6,000ಕ್ಕೆ ಹೋಗುವುದು ಯಾವಾಗ? ದಿನದ ಓಡಾಟ ಎಲ್ಲ 2,000ದಿಂದ 3,000ದ ಒಳಗೆ, ಅರ್ಧ ಪೆಡಲಿನಲ್ಲಿ. ಆಗ ಗಾಳಿಯನ್ನು ತಡೆಯುವುದು ಫಿಲ್ಟರ್ ಅಲ್ಲ, ಆಕ್ಸಿಲರೇಟರ್ ತುಳಿದಷ್ಟು ಮಾತ್ರ ತೆರೆಯುವ ಥ್ರಾಟಲ್ ತಟ್ಟೆ. ಸ್ಪ್ರಿಂಕ್ಲರ್ ಲೈನಿನ ವಾಲ್ವನ್ನು ಅರ್ಧ ಮುಚ್ಚಿಟ್ಟು ಅದರ ಹಿಂದಿನ ಪೈಪನ್ನು ದಪ್ಪ ಮಾಡಿದರೆ ಕಾಫಿಗೆ ಜಾಸ್ತಿ ನೀರು ಬೀಳುತ್ತದಾ?

ಮೈಲೇಜ್: ಮೂರಕ್ಕೂ ಒಂದೇ. ಅಮೆರಿಕದ ಓಕ್ ರಿಡ್ಜ್ ಪ್ರಯೋಗಾಲಯದವರು 2009ರಲ್ಲಿ ಕೊಳೆ ಕಟ್ಟಿದ ಫಿಲ್ಟರ್ ಇಟ್ಟೇ ಪರೀಕ್ಷೆ ಮಾಡಿ, ಈಗಿನ ಇಂಜೆಕ್ಷನ್ ಕಾರುಗಳಲ್ಲಿ ಮೈಲೇಜ್ ಇಳಿಯುವುದಿಲ್ಲ, ಪಿಕಪ್ ಮಾತ್ರ ಇಳಿಯುತ್ತದೆ ಅಂತ ಕಂಡುಕೊಂಡಿದ್ದರು. ಗಾಳಿ ಕಮ್ಮಿ ಬಂದರೆ ಕಂಪ್ಯೂಟರ್ ಪೆಟ್ರೋಲನ್ನೂ ಕಮ್ಮಿ ಬಿಡುತ್ತದೆ.

ಶಕ್ತಿ ಬರದಿದ್ದರೆ ಬೇಡ, ಪದೇ ಪದೇ ಫಿಲ್ಟರ್ ಕೊಳ್ಳುವುದಾದರೂ ತಪ್ಪಿತಲ್ಲ ಅಂತ ಕೋನನ್ನು ಬಿಚ್ಚಿಟ್ಟು ಕಾಟನ್ನನ್ನೇ ಉಳಿಸಿಕೊಂಡೆ. ಜುಲೈ ಬಂತು. ಬೇಸಿಗೆಯಲ್ಲಿ ತೋಟದ ಮಣ್ಣು ರಸ್ತೆಯ ದೂಳು ಕುಡಿದು ಅದು ಇಟ್ಟಿಗೆ ಬಣ್ಣಕ್ಕೆ ತಿರುಗಿತ್ತು. ಕ್ಲೀನರ್ ಸಿಂಪಡಿಸಿ, ಹತ್ತು ನಿಮಿಷ ಬಿಟ್ಟು, ನಲ್ಲಿಯಡಿ ತೊಳೆದೆ. ಕೆಂಪು ನೀರು ಹರಿದು ಹೋಗುವುದನ್ನು ನೋಡುವಾಗ ಖುಷಿಯೇ ಆಯಿತು. ಆಮೇಲೆ ಅದರ ಜೊತೆ ಬಂದ ಚೀಟಿ ಓದಿದೆ. ತಾನಾಗಿಯೇ ಒಣಗಬೇಕು. ಹೇರ್ ಡ್ರೈಯರ್ ಕೂಡದು. ಕಂಪ್ರೆಸರ್ ಗಾಳಿ ಕೂಡದು. ಬೆಂಕಿ ಕೂಡದು. ಪೂರ್ತಿ ಒಣಗದೆ ಎಣ್ಣೆ ಹಾಕಲೇಬಾರದು.

ತಾನಾಗಿಯೇ ಒಣಗಬೇಕಂತೆ! ಕಕ್ಕಡ ತಿಂಗಳಲ್ಲಿ, ಕೊಡಗಿನ ಜಡಿಮಳೆಯ ಕಾಲದಲ್ಲಿ, ಗಾಳಿಬೀಡಿನಲ್ಲಿ! ನಮ್ಮಲ್ಲಿ ಆಗ ಬನಿಯನ್ ಒಣಗುವುದಕ್ಕೆ ನಾಲ್ಕು ದಿನ ಬೇಕು, ಅದೂ ಒಲೆ ಮೇಲೆ ಹಗ್ಗ ಕಟ್ಟಿದರೆ. ಊರ ಹೆಸರಲ್ಲಿ ಗಾಳಿ ಇದ್ದರೆ ಏನು ಬಂತು, ಆ ಗಾಳಿಯಲ್ಲಿ ಅರ್ಧ ನೀರೇ ಇರುತ್ತದೆ. ಮೊದಲ ದಿನ ಜಗಲಿಯಲ್ಲಿ ಇಟ್ಟೆ. ಸಂಜೆ ಮುಟ್ಟಿದರೆ ಬೆಳಿಗ್ಗೆಗಿಂತ ಒದ್ದೆ. ಎರಡನೇ ದಿನ ಸೌದೆ ಒಲೆಯಿಂದ ನಾಲ್ಕು ಅಡಿ ದೂರದಲ್ಲಿ ಒಂದು ಸ್ಟೂಲಿನ ಮೇಲೆ. ಅಮ್ಮ ಬಂದು ನೋಡಿ, "ಇದೇನ್ ಮಗಾ, ಕಾರಿಗೂ ಚಳಿ ಆಯ್ತಾ?" ಅಂದರು. ಹೊರಗಿನ ಅಂಚು ಒಣಗಿತ್ತು, ಮಡಿಕೆಗಳ ಒಳಗೆ ಬೆರಳಿಟ್ಟರೆ ತಣ್ಣಗೆ. ಮೂರನೇ ದಿನ ಮರ ಬಿದ್ದು ಕರೆಂಟ್ ಹೋಯಿತು. ಟೇಬಲ್ ಫ್ಯಾನ್ ಆಸೆಯೂ ಮುಗಿಯಿತು. ಫಿಲ್ಟರಿಗೆ ಹೊಗೆ ವಾಸನೆ ಬೇರೆ ಹತ್ತಿಕೊಂಡಿತ್ತು.

ಹಳೆಯ ಪೇಪರ್ ಫಿಲ್ಟರ್ ಹಾಕಿಕೊಳ್ಳೋಣ ಅಂದರೆ, ಇನ್ನು ಅದು ಯಾಕೆ ಅಂತ ಮೇ ತಿಂಗಳಲ್ಲೇ ಮೆಕ್ಯಾನಿಕ್ ಅಣ್ಣನಿಗೆ ಕೊಟ್ಟುಬಿಟ್ಟಿದ್ದೆ. ಅವರು ಇನ್ಯಾರದೋ ಕಾರಿಗೆ ಹಾಕಿ ಆಗಿತ್ತು. ಕೋನ್ ಮತ್ತೆ ಸಿಕ್ಕಿಸೋಣ ಅಂದರೆ, ಆ ಮಳೆಯಲ್ಲಿ ಬಾಯಿ ತೆರೆದ ಫಿಲ್ಟರ್ ಹಾಕಿಕೊಂಡು ನೀರು ನಿಂತ ರಸ್ತೆಗೆ ಇಳಿಯುವ ಧೈರ್ಯ ಬರಲಿಲ್ಲ. ಇಂಜಿನ್ ಒಮ್ಮೆ ನೀರು ಎಳೆದರೆ ಕನೆಕ್ಟಿಂಗ್ ರಾಡ್ ಬಗ್ಗುತ್ತದೆ, ರಿಪೇರಿ ಖರ್ಚಿಗೆ ಒಂದು ಮೂಟೆ ಕಾಫಿ ಸಾಲುವುದಿಲ್ಲ. ಫಿಲ್ಟರ್ ಇಲ್ಲದೆ ಓಡಿಸುವುದಂತೂ ಇಲ್ಲ. ಕೊನೆಗೆ ಏನು ಮಾಡಿದೆ ಗೊತ್ತಾ? ಶೆಡ್ಡಿನಲ್ಲಿ ಕಾರು ಬಿಟ್ಟು, ಕೊಡೆ ಹಿಡಿದು, ಬಸ್ ಹತ್ತಿದೆ. ಮಡಿಕೇರಿಯ ಅಂಗಡಿಯಲ್ಲಿ ಸ್ಟಾಕ್ ಇರಲಿಲ್ಲ. ಇನ್ನೊಂದು ಬಸ್ ಹಿಡಿದು ಕುಶಾಲನಗರಕ್ಕೆ ಹೋಗಿ 350 ರೂಪಾಯಿಯ ಪೇಪರ್ ಫಿಲ್ಟರ್ ತಂದೆ. ಅಲ್ಲಿ ಬಿಸಿಲಿತ್ತು! ತೊಳೆದದ್ದನ್ನು ಕೈಯಲ್ಲೇ ತಂದಿದ್ದರೆ ಅಲ್ಲಿನ ಯಾವುದಾದರೂ ಟೀ ಅಂಗಡಿ ಮುಂದೆ ಸಂಜೆಯೊಳಗೆ ಒಣಗುತ್ತಿತ್ತು.

ಕಾಟನ್ ಫಿಲ್ಟರ್ ಆರನೇ ದಿನಕ್ಕೆ ಒಣಗಿತು. ಎಣ್ಣೆ ಹಾಕಿದೆ. ಕೈಗೆಲ್ಲ ಕೆಂಪು ಹತ್ತಿತು, ಕಕ್ಕಡದಲ್ಲಿ ಮದ್ದು ಸೊಪ್ಪಿನ ಪಾಯಸ ಮಾಡಿದವರ ಕೈಗೆ ನೇರಳೆ ಬಣ್ಣ ಹತ್ತುವ ಹಾಗೆ. ಆ ಎಣ್ಣೆ ಜಾಸ್ತಿಯಾದರೆ ಏರ್‌ಫ್ಲೋ ಸೆನ್ಸಾರ್ ಇರುವ ಕಾರುಗಳಲ್ಲಿ ಅದರ ತಂತಿಗೆ ಹೋಗಿ ಅಂಟುತ್ತದೆ, ಕಮ್ಮಿಯಾದರೆ ದೂಳು ಒಳಗೆ ನುಗ್ಗುತ್ತದೆ. ಎಷ್ಟು ಹಾಕಿದೆನೋ ದೇವರಿಗೇ ಗೊತ್ತು. ವಾಪಸ್ ಹಾಕಲಿಲ್ಲ, ಕವರಿನಲ್ಲಿ ಕಟ್ಟಿ ಅಟ್ಟಕ್ಕೆ ಏರಿಸಿದೆ.

ಪೇಪರ್ ಬಗ್ಗೆ ಹೇಳುವುದಕ್ಕೆ ಹೆಚ್ಚೇನಿಲ್ಲ. ಒಳ್ಳೆಯದಾದರೆ 99 ಪರ್ಸೆಂಟ್‌ಗಿಂತ ಜಾಸ್ತಿ ದೂಳು ಹಿಡಿಯುತ್ತದೆ, ಸ್ವಲ್ಪ ದೂಳು ಕೂತ ಮೇಲೆ ಇನ್ನೂ ಚೆನ್ನಾಗಿ ಹಿಡಿಯುತ್ತದೆ. ಕೊಳೆಯಾದರೆ ಬಿಸಾಡಬೇಕು, ಒಣಗಿಸುವ ಗೋಳಿಲ್ಲ. ಕಾಫಿ ಕೊಯ್ಲು ಮುಗಿದ ಮೇಲೆ ಒಂದು, ಮಳೆ ಬಿಟ್ಟ ಮೇಲೆ ಒಂದು ಅಂತ ವರ್ಷಕ್ಕೆ ಎರಡು ಹಾಕುತ್ತೇನೆ. 700 ರೂಪಾಯಿ. ಕಾಟನ್ನಿಗೆ ಕೊಟ್ಟ 4,800ಕ್ಕೆ ಹೆಚ್ಚು ಕಡಿಮೆ ಏಳು ವರ್ಷದ ಪೇಪರ್ ಬರುತ್ತಿತ್ತು, ಕ್ಲೀನಿಂಗ್ ಕಿಟ್ ಲೆಕ್ಕಕ್ಕೆ ಹಿಡಿಯದೆ. ಅಷ್ಟು ವರ್ಷ ಈ ಕಾರು ಇರುವುದೂ ಅನುಮಾನ.

ಹಳೆ ಜೀಪುಗಳಲ್ಲಿ ಆಯಿಲ್ ಬಾತ್ ಅಂತ ಒಂದು ಏರ್ ಫಿಲ್ಟರ್ ಬರುತ್ತಿತ್ತು, ನೆನಪಿದೆಯಾ? ಕೆಳಗೆ ಬಟ್ಟಲಿನಲ್ಲಿ ಎಣ್ಣೆ, ದೂಳೆಲ್ಲ ಅದರಲ್ಲಿ ಮುಳುಗಿ ಕೂರುವುದು. ಬಟ್ಟಲು ಬಿಚ್ಚಿ, ಕೆಸರು ಚೆಲ್ಲಿ, ಹೊಸ ಎಣ್ಣೆ ಹೊಯ್ದರೆ ಮುಗಿಯಿತು. ಅದಕ್ಕೆ ಯಾರೂ ಹೆಚ್‌ಪಿ ಲೆಕ್ಕ ಹೇಳುತ್ತಿರಲಿಲ್ಲ.

ಟರ್ಬೋ ಕಾರು ಇಟ್ಟುಕೊಂಡು, ಕಂಪ್ಯೂಟರ್ ಟ್ಯೂನ್ ಮಾಡಿಸಿ, ಫೆಂಡರ್ ಒಳಗಿಂದ ತಣ್ಣನೆ ಗಾಳಿ ಎಳೆಯುವ ಮುಚ್ಚಿದ ಡಬ್ಬದ ಇಂಟೇಕ್ ಹಾಕಿಸುವವರ ಕಥೆ ಬೇರೆ. ಅವರ ಇಂಜಿನ್‌ಗೆ ಜಾಸ್ತಿ ಗಾಳಿ ನಿಜವಾಗಿಯೂ ಬೇಕು. ನನ್ನಂತೆ ವಾರಕ್ಕೆರಡು ಸಲ ಮಡಿಕೇರಿ, ತಿಂಗಳಿಗೊಮ್ಮೆ ಮೈಸೂರು, ಯಾವಾಗಲೋ ಒಮ್ಮೆ ಸುಳ್ಯ ಅಂತ ಓಡಾಡುವವರಿಗೆ ಪೇಪರೇ ಸಾಕು. ಘಾಟಿಯಲ್ಲಿ ಪಿಕಪ್ ಬೇಕಾದರೆ ನಾನು ಈಗ ಎರಡನೇ ಗೇರ್ ಹಾಕುತ್ತೇನೆ.

ತಂಗಿ ಮಗ ದಸರಾ ರಜಕ್ಕೆ ಬಂದಿದ್ದ. ಕೋನ್ ಎಲ್ಲಿ ಮಾವ ಅಂದ. ಅಟ್ಟ ತೋರಿಸಿದೆ. ಹತ್ತಿ ಇಳಿಸಿಕೊಂಡು, ಒರೆಸಿ, ಬ್ಯಾಗಿಗೆ ಹಾಕಿಕೊಂಡ. ಕಾಟನ್ ಫಿಲ್ಟರ್ ಇನ್ನೂ ಅಲ್ಲೇ ಇದೆ. ತೊಳೆದು ಎಣ್ಣೆ ಹಾಕಿದ್ದು, ಸ್ವಲ್ಪ ಹೊಗೆ ವಾಸನೆ. 2014ರ ಸ್ವಿಫ್ಟ್ ಪೆಟ್ರೋಲ್ ಇದ್ದವರು 1,500 ಕೊಟ್ಟು ತೆಗೆದುಕೊಂಡು ಹೋಗಬಹುದು.