ಐಟಿಲ್ 4: ಕಲ್ಲಂಗಡಿ ಪಾಠ ಚೆನ್ನಾಗಿದೆ, ಮೂರು ವರ್ಷದ ವಾಯಿದೆ ಬೇಜಾರು

ಸರ್ವೀಸ್ ಡೆಸ್ಕ್‌ನಲ್ಲಿ ಇರುವವರಿಗೆ ಐಟಿಲ್ ಅಂದರೇನು ಅಂತ ಹೇಳಬೇಕಾಗಿಲ್ಲ. ಅಪ್ರೈಸಲ್ ಹತ್ತಿರ ಬಂದಾಗ ಮ್ಯಾನೇಜರ್ ‘ಸರ್ಟಿಫಿಕೇಟ್ ಇದೆಯಾ?’ ಅಂತ ಕೇಳುತ್ತಾರಲ್ಲ, ಅದೇ. ಐಟಿ ಸೇವೆ ಹೇಗೆ ನಡೆಸಬೇಕು ಅಂತ ಹೇಳುವ ಪುಸ್ತಕಗಳು, ಅವುಗಳ ಮೇಲಿನ ಪರೀಕ್ಷೆ. ನನ್ನ ಹಳೆಯ ವಿ3 (ಹಿಂದಿನ ಆವೃತ್ತಿ) ಫೌಂಡೇಷನ್, ಅಂದರೆ ಮೊದಲ ಹಂತದ ಪರೀಕ್ಷೆಗೆ ಕಂಪನಿ ದುಡ್ಡು ಕೊಟ್ಟಿತ್ತು. ಐಟಿಲ್ 4ಕ್ಕೆ ನನ್ನ ಜೇಬಿನಿಂದಲೇ ಹೋಯಿತು. ಹಾಗಾಗಿ ಕೆಳಗೆ ಲೆಕ್ಕಾಚಾರ ಸ್ವಲ್ಪ ಜಾಸ್ತಿ ಇದೆ.

ವಿ3ರ 26 ಪ್ರೊಸೆಸ್ ಹೋಗಿ 34 ಪ್ರಾಕ್ಟೀಸ್ ಆಯಿತು, ಲೈಫ್‌ಸೈಕಲ್ ಹೋಗಿ ವ್ಯಾಲ್ಯೂ ಚೈನ್ ಬಂತು. ಅದೆಲ್ಲ ನೀವು ನೋಡಿರುತ್ತೀರಿ. ನನಗೆ ಹಿಡಿಸಿದ್ದು ಫೌಂಡೇಷನ್ ಪುಸ್ತಕದಲ್ಲಿ ಸಣ್ಣದಾಗಿ ಬಂದು ಹೋಗುವ ‘ಕಲ್ಲಂಗಡಿ ಎಸ್‌ಎಲ್‌ಎ’. ಎಸ್‌ಎಲ್‌ಎ ಅಂದರೆ ಇಷ್ಟು ಹೊತ್ತಿನಲ್ಲಿ ಬಗೆಹರಿಸುತ್ತೇವೆ ಅಂತ ಕ್ಲೈಂಟ್‌ಗೆ ಕೊಟ್ಟ ಮಾತು. ಹೊರಗೆ ಹಸಿರು, ಕುಯ್ದರೆ ಕೆಂಪು. ರಿಪೋರ್ಟ್‌ನಲ್ಲಿ ಎಲ್ಲ ಟಾರ್ಗೆಟ್ ಮುಟ್ಟಿರುತ್ತದೆ, ಆ ಕಡೆ ಯೂಸರ್ ಮಾತ್ರ ತಲೆ ಚಚ್ಚಿಕೊಳ್ಳುತ್ತಿರುತ್ತಾನೆ.

ಇದು ಹೇಗೆ ಆಗುತ್ತದೆ ಅಂತ ಡೆಸ್ಕ್‌ನಲ್ಲಿ ಕೂತವರಿಗೆ ಚೆನ್ನಾಗಿ ಗೊತ್ತು, ಅಲ್ವಾ? ‘ಪೆಂಡಿಂಗ್ ಯೂಸರ್’ ಅಂತ ಒಂದು ಸ್ಟೇಟಸ್ ಇದೆ. ಅದನ್ನು ಹಾಕಿದ ಕೂಡಲೇ ಎಸ್‌ಎಲ್‌ಎ ಗಡಿಯಾರ ನಿಂತುಬಿಡುತ್ತದೆ. ನಮ್ಮ ಕ್ಲೈಂಟ್ ಇಂಗ್ಲೆಂಡ್‌ನವರು. ಅವರ ಗೋಡೌನ್‌ನಿಂದ ‘ಲೇಬಲ್ ಪ್ರಿಂಟ್ ಆಗುತ್ತಿಲ್ಲ’ ಅಂತ ಟಿಕೆಟ್ ಬರುತ್ತಿತ್ತು. ‘ಸ್ಕ್ರೀನ್‌ಶಾಟ್ ಕಳಿಸಿ’ ಅಂತ ಒಂದು ಮೇಲ್ ಹಾಕಿ ಪೆಂಡಿಂಗ್‌ಗೆ ತಳ್ಳುವುದು, ಮೂರು ಮೇಲ್‌ಗೆ ಉತ್ತರ ಬರದಿದ್ದರೆ ಮೂರು ಸ್ಟ್ರೈಕ್ ಅಂತ ಕ್ಲೋಸ್ ಮಾಡುವುದು. ಫೋರ್ಕ್‌ಲಿಫ್ಟ್ ಓಡಾಡುವ ಜಾಗದಲ್ಲಿ ಯಾವ ಪುಣ್ಯಾತ್ಮ ಸ್ಕ್ರೀನ್‌ಶಾಟ್ ತೆಗೆಯುತ್ತಾನೆ? ಮುಂದಿನ ಸೋಮವಾರ ಅದೇ ಪ್ರಿಂಟರ್, ಹೊಸ ನಂಬರಿನ ಟಿಕೆಟ್. ತಿಂಗಳ ಕೊನೆಗೆ ಎಲ್ಲವೂ ಹಸಿರು.

ಈಗ ಶಿಫ್ಟ್ ಶುರುವಾದ ಕೂಡಲೇ ನಾನು ಡ್ಯಾಶ್‌ಬೋರ್ಡ್ ತೆರೆಯುವುದಿಲ್ಲ. ಮೊದಲು ಪೆಂಡಿಂಗ್ ಕ್ಯೂ. ‘ಲಾಸ್ಟ್ ಅಪ್‌ಡೇಟೆಡ್’ ಕಾಲಮ್ ಒತ್ತಿ ಹಳೆಯದನ್ನು ಮೇಲೆ ತರುತ್ತೇನೆ, ಹೆಡ್‌ಸೆಟ್ ಹಾಕಿಕೊಂಡು ಅಲ್ಲಿಂದಲೇ ಫೋನ್ ಶುರು. ಆ ಪ್ರಿಂಟರ್ ಕಥೆ ಬಗೆಹರಿದಿದ್ದೂ ಹಾಗೇ. ವಾರದ ಕೊನೆಗೆ ಅದನ್ನು ಆಫ್ ಮಾಡುತ್ತಾರಂತೆ, ಸೋಮವಾರ ಆನ್ ಮಾಡಿದರೆ ಬೇರೆ ಐಪಿ (ನೆಟ್‌ವರ್ಕ್ ವಿಳಾಸ) ಸಿಗುತ್ತಿತ್ತು. ಮೂಲ ಕಾರಣ ಹುಡುಕುವ ಪ್ರಾಬ್ಲಮ್ ಟಿಕೆಟ್ ತೆಗೆದು ನೆಟ್‌ವರ್ಕ್ ಟೀಮ್‌ನಿಂದ ಐಪಿ ರಿಸರ್ವ್ ಮಾಡಿಸಿದೆವು. ಸೋಮವಾರದ ಟಿಕೆಟ್ ನಿಂತಿತು. ಇನ್ಸಿಡೆಂಟ್ (ಆಗಿರುವ ತೊಂದರೆ) ಬೇರೆ, ಪ್ರಾಬ್ಲಮ್ (ಅದರ ಮೂಲ ಕಾರಣ) ಬೇರೆ ಅನ್ನೋದು ವಿ3ರಲ್ಲೂ ಇತ್ತು, ನಿಜ. ಆದರೆ ‘ನಿಮ್ಮ ಹಸಿರನ್ನು ನೀವೇ ನಂಬಬೇಡಿ’ ಅಂತ ಇಷ್ಟು ನೇರವಾಗಿ ಅಲ್ಲಿ ಯಾರೂ ನನಗೆ ಹೇಳಿರಲಿಲ್ಲ.

ಚೇಂಜ್ ಕಂಟ್ರೋಲ್ ಅಂತಿದ್ದುದನ್ನು ಚೇಂಜ್ ಎನೇಬಲ್‌ಮೆಂಟ್ ಮಾಡಿದ್ದೂ ಒಳ್ಳೆಯದೇ. ಎಲ್ಲ ಬದಲಾವಣೆಗೂ ಒಂದೇ ಕಮಿಟಿ ಒಪ್ಪಬೇಕಾಗಿಲ್ಲ ಅನ್ನುವ ಮಾತನ್ನು ತೋರಿಸಿ, ತಿಂಗಳ ಪ್ಯಾಚ್‌ಗಳನ್ನು ವಾರದ ಕ್ಯಾಬ್ (ಬದಲಾವಣೆ ಒಪ್ಪುವ ಕಮಿಟಿ) ಕಾಲ್‌ನಿಂದ ಹೊರಗೆ ತಂದೆವು.

ಇಲ್ಲಿಯವರೆಗೆ ಖುಷಿ. ಇನ್ನು ಕೋರ್ಸ್ ವಿಷಯ. ನಾನು ಸೇರಿದ್ದು ಒಂದು ಆನ್‌ಲೈನ್ ಸಂಸ್ಥೆಯ ವಾರಾಂತ್ಯದ ಕ್ಲಾಸ್, ಹೆಸರು ಬೇಡ. ಟ್ರೇನರ್ ಸ್ಲೈಡ್ ಓದಿದರು, ಅಷ್ಟೇ. ಕಲ್ಲಂಗಡಿ ಬಂದಾಗ ‘ಇದು ಎಕ್ಸಾಮ್‌ಗೆ ಮುಖ್ಯ ಅಲ್ಲ’ ಅಂತ ಮುಂದಿನ ಸ್ಲೈಡ್‌ಗೆ ಹಾರಿದರು. ಉಳಿದ ಹೊತ್ತೆಲ್ಲ 40ರಲ್ಲಿ 26 ಸರಿಯಾದರೆ ಪಾಸ್, ಯಾವ ಆಯ್ಕೆ ಹೇಗೆ ತೆಗೆದುಹಾಕಬೇಕು, ಅದೇ ಪುರಾಣ. ಪುಸ್ತಕವನ್ನು ನಾನೇ ಕೂತು ಓದಿದ್ದರಿಂದ ದುಡ್ಡು ಪೂರ್ತಿ ನೀರಿಗೆ ಹೋಗಲಿಲ್ಲ.

ಅದಕ್ಕಿಂತ ಬೇಜಾರಿನ ವಿಷಯ ವಾಯಿದೆ. 1980ರ ದಶಕದಲ್ಲಿ ಬ್ರಿಟನ್ ಸರ್ಕಾರ ತನ್ನ ಐಟಿ ಕೆಲಸಕ್ಕೆ ಶಿಸ್ತು ತರಲು ಶುರು ಮಾಡಿದ ಪುಸ್ತಕಗಳಿವು. 2013ರಲ್ಲಿ ಆಕ್ಸೆಲೋಸ್ ಕಂಪನಿ ಕೈಗೆ, 2021ರಲ್ಲಿ ಪರೀಕ್ಷೆ ನಡೆಸುವ ಪೀಪಲ್‌ಸರ್ಟ್ ಕಂಪನಿ ಕೈಗೆ ಬಂದವು. ನನ್ನ ವಿ3 ಸರ್ಟಿಫಿಕೇಟ್ ಮೇಲೆ ಮುಗಿಯುವ ದಿನಾಂಕವೇ ಇರಲಿಲ್ಲ. 2023ರಿಂದ ಮೂರು ವರ್ಷಕ್ಕೊಮ್ಮೆ ನವೀಕರಣ ಅಂತ ಆಗಿದೆ: ಅದೇ ಪರೀಕ್ಷೆ ಮತ್ತೆ ಬರೆಯಿರಿ, ಇಲ್ಲ ಅದೇ ಸಾಲಿನ ಇನ್ನೊಂದು ಪರೀಕ್ಷೆ ಬರೆಯಿರಿ, ಇಲ್ಲ ಮೆಂಬರ್‌ಶಿಪ್ ತಗೊಂಡು ಸಿಪಿಡಿ (ಕಲಿಕೆ ಮುಂದುವರಿಸಿದ್ದಕ್ಕೆ ಸಿಗುವ) ಪಾಯಿಂಟ್ ಸೇರಿಸಿ. ಯಾವ ಕಡೆ ಹೋದರೂ ಪರ್ಸ್ ತೆಗೆಯಬೇಕು. ಪಾಠ ಹಳೆಯದಾಗುತ್ತದೆ ಅನ್ನುವ ವಾದ ಒಪ್ಪುತ್ತೇನೆ, ಆದರೆ ಹೆಚ್ಚಾಗಿ ವ್ಯಾಖ್ಯೆಗಳನ್ನೇ ಕೇಳುವ ಫೌಂಡೇಷನ್‌ಗೂ ಇದೇ ನಿಯಮವಾ?

ಕಂಪನಿ ದುಡ್ಡು ಕೊಟ್ಟರೆ ಕಣ್ಣು ಮುಚ್ಚಿ ಮಾಡಿ. ಸ್ವಂತ ಖರ್ಚಾದರೆ ಕೆಲಸ ಬದಲಾಯಿಸುವ ಯೋಚನೆ ಇದ್ದಾಗ ಮಾತ್ರ. ನಾನಂತೂ ಮತ್ತೆ ಫೌಂಡೇಷನ್ ಬರೆಯುವುದಿಲ್ಲ. ಮಾಡಿದರೆ ಮುಂದಿನ ಹಂತದ ‘ಕ್ರಿಯೇಟ್, ಡೆಲಿವರ್ ಅಂಡ್ ಸಪೋರ್ಟ್’ ಪರೀಕ್ಷೆ ಮಾಡುತ್ತೇನೆ, ಅದರ ಜೊತೆಗೇ ಹಳೆಯದೂ ನವೀಕರಣವಾಗುತ್ತದೆ. ಬರೆಯುವವರು ಬುಕ್ ಮಾಡುವಾಗ ಒಂದು ನೆನಪಿಡಿ: ಇಂಗ್ಲಿಷ್ ಮಾತೃಭಾಷೆ ಅಲ್ಲದವರಿಗೆ 60 ನಿಮಿಷದ ಬದಲು 75 ನಿಮಿಷ ಸಿಗುತ್ತದೆ. ಸುಮ್ನೆ ಬಿಡಬೇಡಿ.