ಸೆಮಿನಾರಿಗೆ ಯಾವ ರೇಡಾರ್: ಕೊರಿಯಾದ್ದೋ, ಗಬಾಲಾದ್ದೋ?

ಶಂಕರಘಟ್ಟದಲ್ಲೋ ಸಹ್ಯಾದ್ರಿ ಕಾಲೇಜಿನಲ್ಲೋ ರಾಜ್ಯಶಾಸ್ತ್ರ ಓದುತ್ತಾ ಸೆಮಿನಾರಿಗೆ ವಿಷಯ ಹುಡುಕುತ್ತಿದ್ದೀರಾ? ರೇಡಾರ್ ಮತ್ತು ನೆರೆದೇಶಗಳ ಸಿಟ್ಟು ಒಳ್ಳೆಯ ವಿಷಯ.

ದಕ್ಷಿಣ ಕೊರಿಯಾದ ಕಥೆಯಲ್ಲಿ ಸರಕು ಜಾಸ್ತಿ. ಅಮೆರಿಕದ ಥಾಡ್ ಕ್ಷಿಪಣಿ ತಡೆ ವ್ಯವಸ್ಥೆಗೆ ಅದು 2016ರಲ್ಲಿ ಒಪ್ಪಿತು. ಭಯ ಇದ್ದದ್ದು ಉತ್ತರ ಕೊರಿಯಾದ್ದು. ಆದರೆ ಥಾಡ್‌ನ ರೇಡಾರ್ ತನ್ನೊಳಗೂ ಇಣುಕುತ್ತದೆ ಅಂತ ಚೀನಾ ಸಿಟ್ಟಾಯಿತು. 2017ರಲ್ಲಿ ದಕ್ಷಿಣ ಕೊರಿಯಾಕ್ಕೆ ಹೋಗುವ ಪ್ರವಾಸಿ ಗುಂಪುಗಳನ್ನು ತಡೆಯಿತು. ಥಾಡ್‌ಗೆ ಜಾಗ ಕೊಟ್ಟ ಕೊರಿಯಾದ ಲೋಟೆ ಕಂಪನಿಯ ಎಷ್ಟೋ ಅಂಗಡಿಗಳು ಚೀನಾದಲ್ಲಿ ಬಾಗಿಲು ಹಾಕಿದವು. ಒಪ್ಪಿದ್ದು ಸರ್ಕಾರ, ಪೆಟ್ಟು ಬಿದ್ದದ್ದು ವ್ಯಾಪಾರಕ್ಕೆ. ಇದು ಅನ್ಯಾಯ ಅಲ್ವಾ?

ಅಜರ್‌ಬೈಜಾನಿನ ಗಬಾಲಾದ್ದು ಚಿಕ್ಕ ಕಥೆ. ಸೋವಿಯತ್ ಕಾಲದ ಈ ರೇಡಾರ್ ರಷ್ಯಾದ ಬಾಡಿಗೆಯಲ್ಲಿತ್ತು. ಅಮೆರಿಕ ಜೆಕ್ ದೇಶದಲ್ಲಿ ರೇಡಾರ್ ಇಡಲು ಹೊರಟಾಗ ರಷ್ಯಾಕ್ಕೆ ಸಿಟ್ಟು ಬಂತು; ಬದಲಿಗೆ ಇದನ್ನೇ ಹಂಚಿಕೊಳ್ಳೋಣ ಎಂದು 2007ರಲ್ಲಿ ಪುಟಿನ್ ಹೇಳಿದರು. ಕೈಗೂಡಲಿಲ್ಲ. ಬಾಡಿಗೆ ಕುದುರದೆ ರಷ್ಯಾ 2012ರಲ್ಲಿ ಬಿಟ್ಟುಹೋಯಿತು.

ಸಣ್ಣ ಭಾಷಣಕ್ಕೆ ಗಬಾಲಾ ಸಾಕು. ದೊಡ್ಡ ಪ್ರಬಂಧಕ್ಕೆ ಕೊರಿಯಾವನ್ನೇ ತೆಗೆದುಕೊಳ್ಳಿ.