ಕತ್ತಲಲ್ಲಿ ಹೊಳೆಯುವ ಟೇಪ್: ಎರಡು ಮಳೆಗಾಲ ಬಳಸಿದ ಮೇಲೆ

ನಮ್ಮದು ಮಲೆನಾಡಿನ ಹಳೆ ಮನೆ. ಅಟ್ಟದ ಮೆಟ್ಟಿಲು, ಬಚ್ಚಲಮನೆ ಹೊಸ್ತಿಲು, ಜಗಲಿ ಅಂಚು, ಮೂರು ಕಡೆಗೂ ಈ ಟೇಪ್ ಅಂಟಿಸಿದ್ದೇನೆ. ಮಳೆಗಾಲದಲ್ಲಿ ಕರೆಂಟ್ ಹೋದರೆ ಮತ್ತೆ ಯಾವಾಗ ಬರುತ್ತದೋ ಗೊತ್ತಿಲ್ಲ. ಅಮ್ಮ ರಾತ್ರಿ ಎದ್ದಾಗ ಮೆಟ್ಟಿಲ ಅಂಚು ಕಂಡರೆ ಸಾಕಿತ್ತು. ಕಾಣುತ್ತಿದೆ. ಐದಕ್ಕೆ ನಾಲ್ಕು ಸ್ಟಾರ್.

ಕೊಳ್ಳುವಾಗ ಪ್ಯಾಕೆಟ್ ಮೇಲೆ ಸ್ಟ್ರಾಂಷಿಯಂ ಅಲ್ಯುಮಿನೇಟ್ ಅಂತ ಬರೆದಿದೆಯಾ ನೋಡಿ, ಹೊಳೆಯುವ ಪುಡಿಯ ಹೆಸರು ಅದು. ಅಗ್ಗದ ಸ್ಟಿಕ್ಕರ್‌ಗಳಲ್ಲಿ ಇರುವುದು ಹೆಚ್ಚಾಗಿ ತಾಮ್ರ ಬೆರೆಸಿದ ಝಿಂಕ್ ಸಲ್ಫೈಡ್. ಅದು ನಿದ್ದೆ ಹತ್ತುವಷ್ಟರಲ್ಲೇ ಮಂಕಾಗುತ್ತದೆ. ಸ್ಟ್ರಾಂಷಿಯಂನದು 1990ರ ದಶಕದಲ್ಲಿ ಜಪಾನಿನ ನೆಮೊಟೊ ಕಂಪನಿಯಿಂದ ಬಂದದ್ದು. ಇದರಲ್ಲಿ ಚೂರೇ ಚೂರು ಯುರೋಪಿಯಂ, ಡಿಸ್ಪ್ರೋಸಿಯಂ ಅನ್ನುವ ಲೋಹಗಳನ್ನು ಬೆರೆಸಿರುತ್ತಾರೆ. ಹಸಿರು ಬೆಳಕು ಕೊಡುವುದು ಯುರೋಪಿಯಂ. ಅಲೆಯುದ್ದ ಸುಮಾರು 520 ನ್ಯಾನೋಮೀಟರ್, ಕತ್ತಲಿಗೆ ಹೊಂದಿಕೊಂಡ ಕಣ್ಣಿಗೆ ಚೆನ್ನಾಗಿ ಕಾಣುವ ಬಣ್ಣ. ಬೆಳಕು ಬಿದ್ದಾಗ ಎದ್ದ ಎಲೆಕ್ಟ್ರಾನ್‌ಗಳು ಹರಳಿನೊಳಗಿನ ಗುಂಡಿಗಳಲ್ಲಿ ಸಿಕ್ಕಿಬೀಳುತ್ತವೆ. ಡಿಸ್ಪ್ರೋಸಿಯಂ ಸೇರಿದರೆ ಹೀಗೆ ಸಿಕ್ಕಿಬೀಳುವುದು ಜಾಸ್ತಿ. ಆಮೇಲೆ ಅವನ್ನು ಒಂದೊಂದಾಗಿ ಹೊರಗೆ ದೂಡುವುದು ಸುತ್ತಲಿನ ಬಿಸಿ. ಹಾಗೆ ಹೊರಬಂದಾಗಲೇ ಬೆಳಕು.

ಈ ಬಿಸಿಯ ವಿಷಯವನ್ನು ಯಾವ ಜಾಹೀರಾತೂ ಹೇಳುವುದಿಲ್ಲ. ನಮ್ಮ ಬಚ್ಚಲಲ್ಲಿ ಹಂಡೆ ಒಲೆ ಇದೆ. ಸಂಜೆ ನೀರು ಕಾಯಿಸಿದರೆ ಹೊಸ್ತಿಲ ಕಲ್ಲೂ ಬೆಚ್ಚಗಾಗುತ್ತದೆ. ದೀಪ ಆರಿಸಿದ ಕೂಡಲೇ ನೋಡಿದರೆ ಅಲ್ಲಿನ ಟೇಪೇ ಎಲ್ಲಕ್ಕಿಂತ ಪ್ರಕಾಶಮಾನ. ಮಧ್ಯರಾತ್ರಿ ನೋಡಿದರೆ ಅದೇ ಎಲ್ಲಕ್ಕಿಂತ ಮಂಕು. ಅಟ್ಟದ ಮೆಟ್ಟಿಲದು ಶುರುವಿನಿಂದಲೂ ಸಾಧಾರಣ, ಆದರೆ ಬೆಳಗಿನ ಜಾವಕ್ಕೂ ಗೆರೆ ಗೊತ್ತಾಗುತ್ತದೆ. ಎರಡೂ ಒಂದೇ ರೋಲಿನವು! ಬೆಚ್ಚಗಿದ್ದಲ್ಲಿ ಎಲೆಕ್ಟ್ರಾನ್‌ಗಳು ಬೇಗ ಹೊರಬಂದು ಬೇಗ ಮುಗಿಯುತ್ತವೆ.

ನಂಬಿಕೆ ಬರದಿದ್ದರೆ ಒಂದು ತುಂಡನ್ನು ಬಿಸಿಲಿಗೆ ಹಿಡಿದು, ಕೂಡಲೇ ಫ್ರೀಜರ್‌ಗೆ ಹಾಕಿ. ನಾನು ಹಾಕಿದ್ದೆ. ಜಾವದಲ್ಲಿ ಕತ್ತಲಲ್ಲೇ ತೆಗೆದಾಗ ಇದೆಯೋ ಇಲ್ಲವೋ ಅನ್ನುವಷ್ಟು ಬೆಳಕು. ಹೆಬ್ಬೆರಳು ಒತ್ತಿ ತೆಗೆದೆ. ಬೆರಳು ತಾಗಿದ ಜಾಗ ಮಾತ್ರ ಹಸಿರಾಗಿ ಬೆಳಗಿತು! ಚಳಿಯಲ್ಲಿ ಗುಂಡಿಯಲ್ಲೇ ಉಳಿದಿದ್ದ ಎಲೆಕ್ಟ್ರಾನ್‌ಗಳು ಕೈ ಬಿಸಿಗೆ ಹೊರಬಂದವು, ಅಷ್ಟೇ. ಹಾಗಾಗಿ ಮೊದಲ ಐದು ನಿಮಿಷದ ಹೊಳಪು ನೋಡಿ ಸ್ಟಾರ್ ಕೊಡುವವರ ವಿಮರ್ಶೆಯನ್ನು ನಾನು ಓದುವುದೇ ಇಲ್ಲ.

ಬೆಳಕು ಕುಡಿಸುವುದಕ್ಕೂ ಒಂದು ಲೆಕ್ಕ ಇದೆ. ಇದಕ್ಕೆ ಬೇಕಾದ್ದು ನೀಲಿ, ನೇರಳಾತೀತ ಬೆಳಕು. ಮೋಡದ ದಿನವೂ ಕಿಟಕಿ ಬೆಳಕು ಸಾಕು. ಹಳೆ ಕಾಲದ ಹಳದಿ ಬಲ್ಬಿನಲ್ಲಿ ಅಷ್ಟಕ್ಕಷ್ಟೆ. ಬಿಳಿ ಎಲ್‌ಇಡಿ ಬಲ್ಬಿನೊಳಗೆ ನೀಲಿ ಚಿಪ್ ಇರುತ್ತದೆ, ಅದರ ಮೇಲೆ ಸೀರಿಯಂ ಬೆರೆತ ಹಳದಿ ಪುಡಿಯ ಲೇಪ. ಆ ಲೇಪ ದಾಟಿ ಬರುವ ನೀಲಿಯೇ ನಮ್ಮ ಟೇಪಿಗೆ ಊಟ. ವಾರ್ಮ್ ವೈಟ್‌ಗಿಂತ ಕೂಲ್ ವೈಟ್ ಬಲ್ಬಿನಲ್ಲಿ ಆ ನೀಲಿ ಜಾಸ್ತಿ.

ಒಂದು ಸ್ಟಾರ್ ಹೋಗಿದ್ದು ನೀರಿನಿಂದ. ಸ್ಟ್ರಾಂಷಿಯಂ ಅಲ್ಯುಮಿನೇಟ್‌ಗೆ ನೀರು ತಾಗಿದರೆ ಆ ಪುಡಿಯೇ ಕೆಡುತ್ತದೆ, ಹೊಳೆಯುವ ಗುಣ ಹೋಗುತ್ತದೆ. ಮೇಲಿನ ಪ್ಲಾಸ್ಟಿಕ್ ಹಾಳೆ ತಡೆಯುತ್ತದೆ ನಿಜ, ಆದರೆ ಕತ್ತರಿಸಿದ ಅಂಚಿಗೆ ತಡೆ ಎಲ್ಲಿದೆ? ಜಗಲಿಯ ಟೇಪ್‌ನಲ್ಲಿ ಅಂಚಿನಿಂದ ಒಳಕ್ಕೆ ಬೆರಳಗಲ ಸತ್ತೇ ಹೋಗಿದೆ. ಬಚ್ಚಲಿನದಕ್ಕೆ ಅಂಚಿಗೆ ಪಾರದರ್ಶಕ ಸಿಲಿಕೋನ್ ಅಂಟು ಹಚ್ಚಿದ್ದೆ, ಅದು ಇನ್ನೂ ಚೆನ್ನಾಗಿದೆ. ಮಾರುವವರಿಗೆ ಬರೆದೆ. ‘ಔಟ್‌ಡೋರ್‌ಗೂ ಸೂಕ್ತ’ ಅಂತ ಅದೇ ಉತ್ತರ ಮತ್ತೆ ಬಂತು.

ಪಕ್ಕದ ಮನೆಯವರು ರೇಡಿಯಂ ಅಲ್ವಾ, ಮಕ್ಕಳಿಗೆ ತೊಂದರೆ ಇಲ್ವಾ ಅಂತ ಕೇಳಿದ್ದರು. ಇದರಲ್ಲಿ ವಿಕಿರಣದ ಮಾತೇ ಇಲ್ಲ. ಅಂಗಡಿಯವರು ಹೊಳೆಯುವುದನ್ನೆಲ್ಲ ರೇಡಿಯಂ ಅಂತಲೇ ಮಾರುತ್ತಾರೆ.

ಮನೆಯೊಳಗಿನ ಮೆಟ್ಟಿಲಿಗೆ ಮತ್ತೆ ಇದನ್ನೇ ಕೊಳ್ಳುತ್ತೇನೆ. ಜಗಲಿಯದನ್ನು ಕಿತ್ತು, ಟಾರ್ಚ್ ಬೆಳಕಿಗೆ ಮಿನುಗುವ ರಿಫ್ಲೆಕ್ಟರ್ ಪಟ್ಟಿ ಅಂಟಿಸಿದ್ದಾಯಿತು.